ಚುಕ್ಕಿಯಿಲ್ಲದ ಮೊಳೆಗಳು

ಒನಿಟ್ಶಾ ಸಂತೆಯ ಹಿಂಬೀದಿಯಲ್ಲಿ
ಒಣಮೀನಿನಂಗಡಿಗೂ ಟೈರಿನಂಗಡಿಗೂ ನಡುವೆ
ನನ್ನಜ್ಜ ಒಕ್ವುದಿಲಿಯ ಅಚ್ಚುಕೂಟ.
ಕಾಲಲ್ಲಿ ತುಳಿಯುವ ಯಂತ್ರ ಒಂದು,
ಲಿವರ್‌ಪೂಲಿನಿಂದ ಹಡಗೇರಿ ಬಂದ
ಅಚ್ಚುಮೊಳೆಯ ಪೆಟ್ಟಿಗೆ ಎರಡು.
ಅವುಗಳಲ್ಲಿ ನಮ್ಮ ಚುಕ್ಕಿ ಇರಲಿಲ್ಲ.

ಚುಕ್ಕಿಯೆಂದರೆ ಅಕ್ಷರದ ಕಾಲಡಿ ಕೂರುವ ಸಾಸಿವೆ.
ಇದ್ದರೆ ಒಂದು ದನಿ, ಇಲ್ಲದಿದ್ದರೆ ಇನ್ನೊಂದು.
ನೆತ್ತಿಯ ಮೇಲಿನ ಗೀರಂತೂ ಇಲ್ಲವೇ ಇಲ್ಲ.
'ಅಕ್ವಾ' ಅಂದರೆ ಅಳು,
ಕೊನೆಗೆ ಇಳಿಸಿದರೆ ಬಟ್ಟೆ,
ಕೊನೆಗೆ ಏರಿಸಿದರೆ ಮೊಟ್ಟೆ,
ಪೂರಾ ತಗ್ಗಿಸಿದರೆ ಮಂಚ.
ಬಾಯಿಗೆ ಗೊತ್ತು. ಸೀಸಕ್ಕೆ ಗೊತ್ತಿಲ್ಲ.

ಅವನ ತಾಯಿ ಮ್ಬೋರಿಯೆ, ಓದು ಬಾರದವಳು,
ಸಂಜೆ ಬೂದಿಯ ಪಕ್ಕ ಕೂತು 'ಚಾಕ್‌ಪೀ!' ಅಂದರೆ
ಕೇರಿಯ ಮಕ್ಕಳೆಲ್ಲ 'ವೋ!' ಅನ್ನಬೇಕು.
ಹೂಂಗುಟ್ಟದಿದ್ದರೆ ಆಮೆ ಒಂದು ಹೆಜ್ಜೆ ಇಡದು.
ಬೆಳಗಾದರೆ ಅದೇ ಮಕ್ಕಳಿಗೆ ಶಾಲೆಯಲ್ಲಿ
ಮನೆಮಾತು ಆಡಿದ್ದಕ್ಕೆ ಒಂದು ಪೆನ್ನಿ ದಂಡ.
ಅಜ್ಜ ಕಟ್ಟಿದ್ದು ಒಟ್ಟು ಹನ್ನೊಂದು.
'ಹನ್ನೊಂದು ಮಾತನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ,
ಯಾರೂ ಕಸಿಯಲಾರರು' ಅನ್ನುತ್ತಿದ್ದ.

ಹೊಟ್ಟೆಪಾಡಿಗೆ ಅಚ್ಚುಹಾಕಿದ್ದು ಇಂಗ್ಲಿಷು:
ಪ್ರೇಮಪತ್ರ ಬರೆಯುವ ಬಗೆ,
ಸಾಲ ಕೊಟ್ಟವನ ಕಣ್ಣು ತಪ್ಪಿಸುವ ಬಗೆ,
ದರ್ಜಿಯನ್ನು ನಂಬಿ ಕೆಟ್ಟ ಹುಡುಗಿಯ ಕಥೆ.
ಕಾಗುಣಿತ ದಿಕ್ಕಾಪಾಲು.
ಕಾಲೇಜಿನವರು ನಕ್ಕರು, ಲಾರಿಯವರು ಕೊಂಡರು.
ಸ್ಟೀರಿಂಗಿಗೆ ಒರಗಿಸಿಟ್ಟು ಓದಿದರು,
ದೋಣಿ ನೈಜರ್ ದಾಟಿ ಅಸಾಬಾ ಮುಟ್ಟುವಷ್ಟರಲ್ಲಿ
ಹುಡುಗಿ ಕೆಟ್ಟೂ ಆಗಿತ್ತು, ಬುದ್ಧಿ ಬಂದೂ ಆಗಿತ್ತು.

ಒಂದು ವರ್ಷ ಮರಳುಗಾಳಿಯ ತಿಂಗಳಲ್ಲಿ
ಬೇರೆ ಕೆಲಸವಿಲ್ಲದೆ
ತಾಯಿಯ ಆಮೆಯನ್ನು ಅವಳ ಮಾತಲ್ಲೇ ಜೋಡಿಸಿದ.
ಇನ್ನೂರು ಪ್ರತಿ.
ಅಜ್ಜ ಒಂದು ಸೂಜಿ, ಅಜ್ಜಿ ಒಂದು ಸೂಜಿ,
ಮಸಿಯಲ್ಲಿ ಅದ್ದಿ ಅದ್ದಿ ಚುಕ್ಕಿ ಇಟ್ಟರು.
ಅಜ್ಜಿ ಆತುರಗಾತಿ. ಅವಳದು ಚುಕ್ಕಿಯಲ್ಲ, ತೂತು.
ಮ್ಬೋರಿಯೆ ಪುಟವನ್ನು ಬೆರಳಲ್ಲಿ ಸವರಿ ಕೇಳಿದಳು:
'ಮಕ್ಕಳು ವೋ ಅನ್ನುವುದು ಎಲ್ಲಿ?'
ಅಚ್ಚು ಬಿಚ್ಚಿ, ಮತ್ತೆ ಕಟ್ಟಿ,
ಅಲ್ಲೊಂದು ಸಾಲು ಖಾಲಿ ಬಿಟ್ಟ.
ಮತ್ತೆ ಇನ್ನೂರು. ಮತ್ತೆ ಸೂಜಿ.

ಆಮೇಲೆ ಯುದ್ಧ. ಸಂತೆ ಉರಿಯಿತು.
ಅಕ್ಷರಗಳೆಲ್ಲ ಕರಗಿ ಒಂದೇ ಗಡ್ಡೆ.
ಎನುಗುವಿನ ನಮ್ಮ ಮನೆಯ ಬಾಗಿಲು
ಗಾಳಿಗೆ ಬಡಿಯದಂತೆ ಅದನ್ನೇ ಒತ್ತುಕೊಟ್ಟಿದೆ.

ನಾನು ಫೋನಿನಲ್ಲಿ ಬರೆಯುತ್ತೇನೆ.
ಬೆರಳು ಒತ್ತಿ ಹಿಡಿದರೆ ಚುಕ್ಕಿ ತಾನಾಗಿ ಬರುತ್ತದೆ,
ಬಂದ ಕೂಡಲೇ ಪದದಡಿಗೆ ಕೆಂಪು ಗೆರೆಯೂ ಬರುತ್ತದೆ.
ಪೆನ್ನಿ ಹನ್ನೆರಡು, ಹದಿಮೂರು...

ಉಳಿದಿರುವುದು ಒಂದೇ ಪ್ರತಿ.
ದೀಪಕ್ಕೆ ಹಿಡಿದರೆ ಅಜ್ಜಿಯವು ಯಾವುವೆಂದು ಕಾಣುತ್ತದೆ.
ಅಕ್ಷರವೇ ಇಲ್ಲದ ಆ ಖಾಲಿ ಸಾಲಿನಡಿಯೂ
ಒಂದು ತೂತು.
ಕೈತಪ್ಪೋ, ಓಗೊಟ್ಟದ್ದೋ,
ಕೇಳೋಣವೆಂದರೆ ಅವಳಿಲ್ಲ.