ಠೇವಣಿ

ಚುನಾವಣೆ ಸಾರಿದ ಮೂರನೇ ದಿನ ಠಾಣೆಗೆ ಹೋದೆ.
ಚೀಲದಲ್ಲಿ ತಿಂಡಿಯ ಡಬ್ಬಿ, ಲಿಲಾವಿನ ಚೀಟಿಪುಸ್ತಕ,
ಹಳೆ ಟವೆಲಿನಲ್ಲಿ ಸುತ್ತಿದ ರಿವಾಲ್ವರು.
ಹಮ್ಮಣ್ಣ ಗೌಡರು ಕನ್ನಡಕ ಏರಿಸಿ ನಂಬರು ಓದಿದರು,
ಗುಂಡು ಎಣಿಸಿದರು, ಹದಿನೇಳು,
ನಂಬಿಕೆಯಾಗದೆ ಮತ್ತೆ ಎಣಿಸಿದರು
ನಾವು ಬಂಗಡೆ ಎಣಿಸುವಂತೆ ಐದೈದರ ಗುಡ್ಡೆ ಮಾಡಿ.
"ಶೇವಂತಿ ಬಾಯಿ, ಒಂದಾದರೂ ಹಾರಿಸಿದ್ದುಂಟೋ?"
"ಉಂಟು. ಕಾಗದಕ್ಕೆ."

ಎರಡು ವರ್ಷದ ಕೆಳಗೆ, ಬೆಳಗಿನ ನಾಲ್ಕು ಗಂಟೆ,
ಬೈತಖೋಲ ಬಂದರಿಗೆ ಇಳಿಯುವ ತಿರುವಿನಲ್ಲಿ
ಸ್ಕೂಟರಿಗೆ ಅಡ್ಡ ನಿಂತರು ಇಬ್ಬರು.
ದೋಣಿಯವರಿಗೆ ಕೊಡಬೇಕಿದ್ದ ಹಣ ಕೊಟ್ಟೆ, ಬಳೆ ಬಿಚ್ಚಿಕೊಟ್ಟೆ.
ಹೊರಟವನೊಬ್ಬ ತಿರುಗಿ ಬಂದು
ಕಾಲಿನ ಚಪ್ಪಲಿ ಕಳಚಿಸಿ ನೀರಿಗೆ ಎಸೆದ,
ಸುಮ್ಮನೆ, ನಗಲಿಕ್ಕೆ.
ಅರ್ಜಿಯಲ್ಲಿ ಕಾರಣ: ಜೀವಭಯ, ನಗದು ವ್ಯವಹಾರ.
ಚಪ್ಪಲಿಯ ವಿಷಯ ಬರೆಯಲು ಅಲ್ಲಿ ಜಾಗ ಇರಲಿಲ್ಲ.

ಹನ್ನೊಂದು ತಿಂಗಳು ಡೀಸಿ ಕಚೇರಿಯ ಮೆಟ್ಟಿಲು.
ಆಮೇಲೆ ಹುಬ್ಬಳ್ಳಿಯ ಅಂಗಡಿ. ಅವನು "ಹೆಂಗಸರಿಗೆ" ಅಂತ
ಗೊಂಬೆಯಂಥದ್ದೊಂದನ್ನು ಮುಂದಿಟ್ಟ.
ನಾನು ಪಕ್ಕದ್ದನ್ನು ತೆಗೆದು, ಕಿವಿರು ಎತ್ತಿ ನೋಡುವ ಹಾಗೆ
ಸಿಲಿಂಡರು ಹೊರಳಿಸಿದೆ, ಮೂಸಿದೆ. ಎಣ್ಣೆ ವಾಸನೆ.
ಕೈಯಲ್ಲಿ ತೂಗಿದೆ: ಮುಕ್ಕಾಲು ಕಿಲೋ, ಮರಿ ಇಸೋಣ.
ಹಿಡಿ ಅಂಗೈಗೆ ಕೂತಿತು. ಕುದುರೆ ಬಿಗಿ, ಏಡಿಯ ಇಕ್ಕಳದಷ್ಟು.
"ಎಷ್ಟು ಬಿಡ್ತೀರಿ?" ಅಂದೆ. ಅವನು ಬಿಡಲಿಲ್ಲ.

ಇನ್ನು ಇಟ್ಟುಕೊಳ್ಳುವುದು ಎಲ್ಲಿ?
ಸಿನೆಮಾದ ಪೋಲೀಸರಿಗೆ ಬೆಲ್ಟು ಉಂಟು, ನನಗೆ ನಿರಿಗೆ.
ಕೋಡಿಬಾಗದ ದರ್ಜಿ ಪುರ್ಸೊನ ಹತ್ತಿರ
ಲಂಗಕ್ಕೊಂದು ಕಿಸೆ ಹೊಲಿ ಅಂದೆ. ಮೊಬೈಲಿಗಾ ಕೇಳಿದ, ಹೂಂ ಅಂದೆ,
ಮೊಬೈಲಿಗಾಗುವಷ್ಟೇ ಹೊಲಿದ.
ಮರುದಿನ ರಟ್ಟು ಕತ್ತರಿಸಿ ಅಳತೆ ಕೊಟ್ಟೆ.
ಆ ಆಕಾರವನ್ನು ಮೇಜಿನ ಮೇಲೆ ತಿರುಗಿಸಿ ತಿರುಗಿಸಿ ನೋಡಿದ,
ಏನೂ ಕೇಳಲಿಲ್ಲ. ಎರಡೆಳೆ ದಾರ ಹಾಕಿದ.

ಭಾನುವಾರ ರೈಫಲ್ ಕ್ಲಬ್ಬು.
ಹಳಿಯಾಳದ ಮಿಂಗೇಲ ಸಿದ್ದಿ, ಮಿಲಿಟರಿ ಪಿಂಚಣಿಯವರು:
"ಅರ್ಧ ಉಸಿರು ಬಿಡು, ಉಳಿದರ್ಧ ಹಿಡಿ.
ಬೆರಳು ಎಳೆಯಬೇಡ, ಒತ್ತು. ಯಾವಾಗ ಹಾರಿತೋ
ನಿನಗೇ ಗೊತ್ತಾಗಬಾರದು."
ಹಾರಿತು. ಮಣಿಕಟ್ಟಿನಿಂದ ಹೆಗಲವರೆಗೆ ಒಂದು ಝುಂ.
ನಾಚದೆ ಹೇಳುತ್ತೇನೆ, ಸುಖವಾಯಿತು.
ಆರು ಗುಂಡಿನಷ್ಟು ಹೊತ್ತು ಯಾರ ಸಾಲವೂ ನೆನಪಾಗಲಿಲ್ಲ.
ತೂತು ಬಿದ್ದ ಕಾಗದ ತಂದು
ಒಣಮೀನಿನ ಡಬ್ಬಿಯ ತಳಕ್ಕೆ ಹಾಸಿದೆ.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದ್ದರು:
"ಇದು ಮೈಮೇಲೆ ಇರುವಾಗ ಜಗಳ ಆಡಬೇಡ, ತಂಗಿ.
ಬೈದರೆ ಬೈಸಿಕೋ."
ಲಿಲಾವು ಕೂಗುವವಳಿಗೆ ಇದೆಂಥ ವ್ರತ!
ನನ್ನ ಬಂಡವಾಳವೇ ಗಂಟಲು, ಬಡ್ಡಿ ಬೈಗುಳ.
ಮಲ್ಪೆಯ ದಲಾಲಿ ಕಡಿಮೆ ಕೂಗಿದಾಗ
ಆಯಿಯ ಕಾಲದ ಮಾತೊಂದು ನಾಲಗೆ ತುದಿಗೆ ಬಂದು,
ತೊಡೆಗೆ ತಾಗುವ ಕಬ್ಬಿಣ ನೆನಪಾಗಿ, ಹಿಂದೆ ಸರಿಯಿತು.
ದನಿ ಇಳಿಯಿತು. ದರವೂ.
ಶೇವಂತಿ ಸಾಧು ಆದಳು ಅಂದರು ಬಂದರಿನಲ್ಲಿ,
ಯಾವ ಸ್ವಾಮಿಯ ದೀಕ್ಷೆ ಅಂತಲೂ.

ಠಾಣೆಯ ರಸೀದಿ ಮಡಚಿ ಆ ಕಿಸೆಗೇ ಹಾಕಿಕೊಂಡೆ.
ಮರುದಿನ ನಸುಕಿನಲ್ಲಿ ಅದೇ ತಿರುವಿಗೆ
ಕೈ ತಾನಾಗಿ ಕೆಳಗಿಳಿದು ಕಾಗದ ಮುಟ್ಟಿತು.
ಭಯ ಹಿಂದಿನ ಸೀಟಿನಲ್ಲಿ
ಹಳೇ ನೆರೆಯವಳಂತೆ ಕೂತು ಬಂದರಿನವರೆಗೂ ಬಂತು.
ಅಲ್ಲಿ ದಲಾಲಿ ಮತ್ತೆ ನೂರು ಕಡಿಮೆ ಕೂಗಿದ.
ಬಾಯಿ ಬಿಟ್ಟೆ.
ಅವನ ಮುತ್ತಜ್ಜನ ಬಲೆಯಿಂದ ಶುರುಮಾಡಿದೆ.
ಐಸಿನ ಹುಡುಗರು ಸಲಾಕೆ ಕೆಳಗಿಟ್ಟು ನಿಂತರು,
ಧಕ್ಕೆಯ ಹದ್ದುಗಳು ಎದ್ದವು,
ಅವನು ನೂರೈವತ್ತು ಏರಿಸಿದ.

ಮತ ಎಣಿಕೆ ಮುಗಿದು ವಾರವಾಯಿತು ಈಗ.
ಗೌಡರು ಎರಡು ಸಲ ಫೋನು ಮಾಡಿದರು, ನಿಮ್ಮ ಸಾಮಾನು ಒಯ್ಯಿರಿ.
ರಸೀದಿ ಮೀನಿನ ನೀರಿಗೆ ನೆನೆದು ನಂಬರು ಕದಡಿದೆ.
ಬಿಸಿಲಿಗೆ ಇಟ್ಟಿದ್ದೇನೆ, ಚಪ್ಪಲಿಯ ಪಕ್ಕ, ಕಲ್ಲು ಹೇರಿ.
ನಾಳೆ ಬರುತ್ತೇನೆ ಅಂದಿದ್ದೇನೆ.
ನಾಳೆ ಲಿಲಾವು ಉಂಟು.