ಗಾಳಿಗೆ ಹಿಡಿದ ನೀಲಿ

ಡಂಡೀ ಊರು. ಗುರುವಾರ ಸಂಜೆ ಏಳು.
ಚರ್ಚ್ ಹಾಲಿನ ಕುರ್ಚಿಗಳನ್ನು ಗೋಡೆಗೆ ಪೇರಿಸಿ
ಬರಿಗಾಲಲ್ಲಿ ಸಾಲು ನಿಲ್ಲುತ್ತೇವೆ:
ಹನ್ನೊಂದು ಮಕ್ಕಳು, ಒಬ್ಬ ಅಂಚೆಯವ,
ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕುವ ನಾನು.
ನೆಲ ಟೇ ನದಿಯಷ್ಟು ತಣ್ಣಗೆ.

ಕಲಿಸುವವಳು ಮೋರಾಗ್ ಗೆಡ್ಡಿಸ್.
ಹದಿನೈದಕ್ಕೇ ಸೆಣಬಿನ ಗಿರಣಿ ಸೇರಿದಳು;
ಮಗ್ಗಗಳು ಅವಳ ಎರಡೂ ಕಿವಿಗಳನ್ನು
ಎಳೆಯೆಳೆಯಾಗಿ ಎಳೆದುಕೊಂಡು ನೇಯ್ದುಬಿಟ್ಟವು.
ಹನಾ, ದುಲ್, ಸೇತ್, ನೇತ್.
ಎಣಿಕೆ ಕೊರಿಯದ್ದು, ರಾಗ ಡಂಡೀಯದು,
ಕೇಳುವುದು ನಮಗೆ ಮಾತ್ರ.
ನಮ್ಮ ಕೂಗು ಅವಳಿಗೆ ಅಂಗಾಲಿನಲ್ಲಿ ಮುಟ್ಟುತ್ತದೆ.
ಹಲಗೆ ನಡುಗಿದರೆ ಹೆಬ್ಬೆರಳೆತ್ತುತ್ತಾಳೆ.
ನಡುಗದಿದ್ದರೆ ತನ್ನ ಹೊಟ್ಟೆ ತಟ್ಟಿ ತೋರಿಸುತ್ತಾಳೆ:
ಇಲ್ಲಿಂದ.

ಅವಳಿಗೆ ಕಲಿಸಿದವನು ಪ್ಯೋ, ಹಡಗಿನ ಇಂಜಿನಿಯರ್.
ಹಡಗು ಕೆಟ್ಟು ದಡದಲ್ಲಿ ಕೂತ ಒಂದು ಚಳಿಗಾಲ ಪೂರ್ತಿ
ಗೋಣಿಚೀಲಗಳ ಗೋದಾಮಿನಲ್ಲಿ ಒದೆಯುವುದನ್ನು ಕಲಿಸಿದ.
ಅವನೇ ಹೇಳಿದ್ದಂತೆ:
ತಾಂಗ್ ಸೂ ಡೋ ಎಂಬ ಈ ವಿದ್ಯೆಗೆ
ಹುಟ್ಟಿದೂರಿನ ಕಾಗದಪತ್ರ ಸರಿಯಿಲ್ಲ.
ಹೆಸರಿನ ಮೊದಲಕ್ಷರ ಚೀನಾದ್ದು,
ಕೈ ವರಸೆ ಒಕಿನಾವಾದ್ದು,
ಕಾಲು ಮಾತ್ರ ಅಜ್ಜಂದಿರದು,
ಹಬ್ಬದ ದಿನ ಬಯಲಲ್ಲಿ ನಗುನಗುತ್ತ
ಒಬ್ಬರನ್ನೊಬ್ಬರು ಒದ್ದು ಕೆಡವುತ್ತಿದ್ದ ಆಟದ್ದು.
ಜಪಾನಿನವರು ಆಳಿದಾಗ ಪ್ಯೋನ ಅಪ್ಪನಿಗೆ
ಶಾಲೆಯಲ್ಲೊಂದು ಹೆಸರು, ಕತ್ತಲಲ್ಲೊಂದು.
ಆಳಿದವರು ಹೋದ ಮೇಲೆ ಜಗಳ ಶುರುವಾಯಿತು:
ಎಲ್ಲ ಗರಡಿಗಳೂ ಒಂದಾಗಲಿ, ಟೇಕ್ವಾಂಡೋ ಅನ್ನಿ, ಎಂದರು ಹಲವರು.
ಕೆಲವರು ಹಳೆಯ ಹೆಸರನ್ನೇ ಹೆಗಲಿಗೇರಿಸಿಕೊಂಡು
ಸಮುದ್ರ ದಾಟಿದರು.

'ಹಾಗಾದರೆ ಕದ್ದ ಮಾಲು' ಎಂದ ಅಂಚೆಯವ.
ಮೋರಾಗ್ ಅವನ ತುಟಿ ಓದಿದಳು.
'ನಮ್ಮ ಸೆಣಬು ಎಲ್ಲಿಯದಿತ್ತು, ಮಗಾ? ಬಂಗಾಳದ್ದು.
ಬೆರಳು ಕೊಟ್ಟವರು ಯಾರು?'
ಎಡಗೈ ಎತ್ತಿದಳು. ನಡುಬೆರಳು ಅರ್ಧ.

ಪಟ್ಟಿಗಳ ಮಾತು ಬಂತು.
ಬಿಳಿ ಎಂದರೆ ಚಳಿಗಾಲ, ಹಿಮದಡಿಯ ಬೀಜ.
ಹಸಿರು ಮೊಳಕೆ. ಕೆಂಪು ಬೇಸಗೆ.
ಕೊನೆಯದು ಕಪ್ಪಲ್ಲ, ನಡುರಾತ್ರಿಯ ನೀಲಿ.
ಕಪ್ಪು ಮುಗಿದುಹೋದ ಬಣ್ಣ,
ಅದಕ್ಕೆ ಇನ್ನೇನೂ ಸೇರಿಸಲಾಗದು ಎಂದು ಅವರ ನಂಬಿಕೆ.

ನನಗೆ ನಗು ಬಂತು.
ನಮ್ಮದು ಗಜೇಂದ್ರಗಡದಲ್ಲಿ ನೂಲಿಗೆ ನೀಲಿ ಹಾಕುವ ಮನೆ.
ಅಪ್ಪನಿಗೆ ಮೊಣಕೈವರೆಗೂ ನೀಲಿ;
ಮದುವೆಮನೆಯಲ್ಲಿ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದ.
ಹರವಿಯ ನಾತಕ್ಕೆ ಓಣಿಯವರು ಮೂಗು ಮುಚ್ಚುತ್ತಿದ್ದರು.
ಅದ್ದಿ ಎತ್ತಿದ ನೂಲು ನೀಲಿಯಿರುತ್ತಿರಲಿಲ್ಲ,
ಗಿಳಿಹಸಿರು.
ನಾನು ಅಳುಮೋರೆ ಮಾಡಿದರೆ ಅನ್ನುತ್ತಿದ್ದ:
'ತಡಿ ಅವ್ವಿ, ಗಾಳಿ ಕುಡೀಲಿ.
ನೀಲಿ ಹರವಿಯೊಳಗಿಲ್ಲ, ಗಾಳಿಯೊಳಗೈತಿ.'
ಎಷ್ಟು ಸಲ ಅದ್ದಬೇಕಪ್ಪಾ?
'ಕರ್ರಗ ಕಾಣೂತನಕ. ಕರಿ ಆಗೂತನಕ ಅಲ್ಲ.'

ಎರಡು ಸಲ ನಪಾಸಾದೆ.
ಒಮ್ಮೆ ಮಂಡಿ, ಒಮ್ಮೆ ಮರೆವು.
ಪ್ಯೊಂಗ್ ಆನ್ ಎಂಬ ವರಸೆಗೆ ಆಮೆ ಗುರುತು, ಹೆಸರಿನ ಅರ್ಥ ಶಾಂತಿ.
ಮೂರನೆಯ ಸಲ ಆಮೆಯಂತೆಯೇ ತಿರುಗಿದೆ,
ಅವಸರವಿಲ್ಲದೆ, ಚಿಪ್ಪಿನ ಭಾರ ಸಮೇತ.
ಕೊನೆಯ ಗುದ್ದಿಗೆ ಕೂಗಿದೆ.
ಹಲಗೆ ನಡುಗಿತು. ಕಿಟಕಿಯ ಗಾಜೂ.
ಹೆಬ್ಬೆರಳೆತ್ತಲಿಲ್ಲ ಮೋರಾಗ್.
ಬಗ್ಗಿ ಅಂಗೈಯನ್ನು ನೆಲಕ್ಕೊತ್ತಿ
ಸುಮ್ಮನೆ ಕೂತಿದ್ದಳು, ಸ್ವಲ್ಪ ಹೊತ್ತು.
ಅವಳ ಪಟ್ಟಿಯ ಅಂಚು ಸವೆದು
ಒಳಗಿನ ಬಿಳಿ ನೂಲು ಹೊರಗೆ ಬಂದಿತ್ತು.

ನನ್ನದು ಕಾರ್ಖಾನೆಯ ಬಣ್ಣ, ಗೊತ್ತು. ಮೂಸಿದೆ, ನಾತವೇ ಇಲ್ಲ.
ಆದರೂ ಮನೆಗೆ ಬಂದು ಮೂರನೆಯ ಮಹಡಿಯ ಕಿಟಕಿ ತೆರೆದು
ನದಿಯ ಕಡೆಯಿಂದ ಬರುವ ಗಾಳಿಗೆ ಹಿಡಿದೆ.
ಕೆಳಗಿನ ಮನೆಯವಳು ಕತ್ತೆತ್ತಿ ಕೇಳಿದಳು:
ಒಗೆದದ್ದಾ? ಈ ರಾತ್ರೀಲಿ?
ಅಲ್ಲ, ಎಂದೆ.
ಬಣ್ಣ ಹಿಡೀಲಿ ಅಂತ.