ಮೊದಲ ವರದಿಗೆ ಉತ್ತರ, ಕಳಿಸದೆ ಇಟ್ಟದ್ದು

ಮಾನ್ಯ ಪರೀಕ್ಷಕರೇ,
ನಿಮ್ಮ ವರದಿ ಮಂಗಳವಾರ ಹೊಸೂರಿಗೆ ಬಂತು.
ಹನ್ನೊಂದು ಪುಟ. ಗಟ್ಟಿ ಅವಲಕ್ಕಿಯಂಥ ಇಂಗ್ಲಿಷು,
ನೆನೆಸದೆ ನುಂಗಲಾಗದು.
ಚೆನ್ನೈಯ ಏಜೆಂಟರು ಫೋನಿನಲ್ಲಿ ತಮಿಳಲ್ಲಿ ಬಿಡಿಸಿದರು,
ನಾನು ಯಜಮಾನರಿಗೆ ತೆಲುಗಲ್ಲಿ ದಾಟಿಸಿದೆ,
ಇದನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ
ಹಳೇ ಜಾಬ್ ಕಾರ್ಡಿನ ಹಿಂಬದಿಗೆ.

ಷವರ್‌ಹೆಡ್ ಅಂದರೆ ಓರಗಿತ್ತಿ ನಗುತ್ತಾಳೆ,
ಯಾರ ಬಚ್ಚಲಿಗೆ ಅಂತ.
ಸ್ನಾನಕ್ಕಲ್ಲ. ಅಲ್ಯೂಮಿನಿಯಂ ತಟ್ಟೆ,
ಊಟದ ತಟ್ಟೆಗಿಂತ ನಾಲ್ಕು ಬೆರಳು ಅಗಲ,
ಅದರಲ್ಲಿ ಸಾವಿರದ ನೂರ ನಲವತ್ತೇಳು ತೂತು.
ಕೂದಲು ಹೊಕ್ಕೀತು, ಹೊಲಿಗೆ ಸೂಜಿ ಹೊಗದು.
ನಾನೆಂದೂ ನೋಡದ ಯಾವುದೋ ಕೋಣೆಯಲ್ಲಿ
ಗಾಳಿ ಹೀರಿದ ಡಬ್ಬಿಯೊಳಗೆ
ಅನಿಲ ಇವುಗಳಿಂದ ಇಳಿದಿಳಿದು
ಸಿಲಿಕಾನ್ ಬಿಲ್ಲೆಯ ಮೇಲೆ ಕೆನೆಗಟ್ಟುತ್ತದಂತೆ.
ನಡುವೆ ದಪ್ಪ, ಅಂಚಿಗೆ ತೆಳು ಆಯಿತೋ,
ಇಡೀ ಬಿಲ್ಲೆ ಕಸ.

ನೀವು ಬರೆದಿದ್ದೀರಿ:
ಅಮೆರಿಕದವರು ಅಂಚಿನ ತೂತು ದೊಡ್ಡದು ಮಾಡಿದ್ದಾರೆ, ಅದು ಡಿ-ಒನ್.
ಜಪಾನಿನವರು ಅಂಚಿಗೆ ತೂತು ಹೆಚ್ಚಿಸಿದ್ದಾರೆ, ಅದು ಡಿ-ಟೂ.
ಎರಡನ್ನೂ ಕೂಡಿಸಿದರೆ ನಮ್ಮದು,
‘ಈ ಕಸುಬಿನಲ್ಲಿ ನುರಿತ ವ್ಯಕ್ತಿಗೆ ತಾನಾಗಿ ಹೊಳೆಯುವಂಥದ್ದು.’

ಆ ನುರಿತ ವ್ಯಕ್ತಿ ಯಾರು, ಸ್ವಾಮಿ?
ಏಜೆಂಟರನ್ನು ಕೇಳಿದೆ. ಅಂಥವನು ಇಲ್ಲ,
ಕಾನೂನು ಕಲ್ಪಿಸಿಕೊಂಡದ್ದು ಅಂದರು.
ಎಲ್ಲ ಓದಿರುತ್ತಾನಂತೆ,
ಹೊಸದೇನೂ ಹೊಳೆಯುವುದಿಲ್ಲವಂತೆ.
ನಮ್ಮ ಸಿಪ್ಕಾಟಿನಲ್ಲಿ ಇದ್ದಾನೆ ಅಂದೆ,
ಮ್ಯಾನೇಜರಾಗಿದ್ದಾನೆ.

ನಾನೂ ನುರಿತವಳೇ.
ಹದಿನಾರು ವರ್ಷ, ತಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು
ಕುರುಡು ತೂತು ಹುಡುಕುವ ಕೆಲಸ.
ನನಗೆ ತಾನಾಗಿ ಹೊಳೆಯಲಿಲ್ಲ.
ಏಳು ತಟ್ಟೆ ಗುಜರಿಗೆ ಹೋದವು,
ಏಳನೆಯದಕ್ಕೆ ಸಂಬಳ ಹಿಡಿದರು.

ನಮ್ಮದರಲ್ಲಿ ತೂತಿನ ಅಳತೆ ಅದೇ, ಲೆಕ್ಕವೂ ಅದೇ.
ತೂತಿನ ಕೊರಳು ಮಾತ್ರ
ಅಂಚಿಗೆ ಹೋದಂತೆ ಗಿಡ್ಡ.
ಉದ್ದ ಕೊರಳಲ್ಲಿ ಅನಿಲ ತಡವರಿಸುತ್ತದೆ,
ಗಿಡ್ಡದರಲ್ಲಿ ಸಲೀಸು.
ಇಷ್ಟನ್ನು ಏಜೆಂಟರು ನಾಲ್ಕು ಪುಟ ಮಾಡಿ ಬರೆಯುತ್ತಾರೆ.

ಅವರು ಬರೆಯದ್ದು:
ಬಾಗಲೂರಿನಲ್ಲಿ, ಅತ್ತೆಯ ಅಟ್ಟದ ಮೇಲೆ ಒಂದು ಶಾವಿಗೆ ಒರಳಿದೆ.
ಯುಗಾದಿಗೆ ಇಳಿಸಿ ಹುಣಸೆ ಹಚ್ಚಿ ತಿಕ್ಕುವಾಗ
ಹಿತ್ತಾಳೆ ಬಿಲ್ಲೆಯ ಅಡಿ ಬೆರಳಿಗೆ ಸಿಕ್ಕಿತು,
ಅಂಚಿಗೆ ತೆಳು. ಸವೆದಿದೆ ಅಂದುಕೊಂಡೆ.
ಸವೆದದ್ದಲ್ಲ. ಅರದ ಗೀರು ಇನ್ನೂ ಇತ್ತು.

ನಡುವಿನ ಎಳೆ ಓಡೋದು, ಅಂಚಿನದು ಹಿಂದೆ ಬೀಳೋದು,
ಡೆಂಕಣಿಕೋಟೆಯಿಂದ ಬಂದ ಕಂಚುಗಾರ ಉಜ್ಜಿಕೊಟ್ಟ,
ಅಂದರು ಅತ್ತೆ. ಹೆಸರು?
ಯಾರಿಗೆ ಗೊತ್ತು. ಒಂದು ಕಿವಿ ಕೇಳಿಸುತ್ತಿರಲಿಲ್ಲ.
ಕೂಲಿ ಎರಡು ಸೇರು ರಾಗಿ.

ನೀವು ಅಮೆರಿಕ ಜಾಲಾಡಿದಿರಿ, ಜಪಾನು ಜಾಲಾಡಿದಿರಿ,
ಕೊರಿಯಾದ್ದೊಂದು ಅಡಿಟಿಪ್ಪಣಿಯಲ್ಲಿದೆ.
ನಮ್ಮ ಅಟ್ಟಕ್ಕೆ ಏಣಿ ಹಾಕಲಿಲ್ಲ.

ಹೇಳಿದರೆ ಅರ್ಜಿ ಬೀಳುತ್ತದೋ ಏನೋ.
ಹಿಟ್ಟು ಬೇರೆ, ಅನಿಲ ಬೇರೆ ಎಂದು ವಾದಿಸಬಹುದು.
ಏಜೆಂಟರಿಗೂ ನಾನು ಹೇಳಿಲ್ಲ.
ಆವಿಷ್ಕಾರಕರ ಜಾಗದಲ್ಲಿ ಎರಡು ಹೆಸರಿವೆ:
ಯಜಮಾನರ ಮಗ ಜಯಚಂದ್ರ,
ಆಮೇಲೆ ಮುನಿಸುಬ್ಬಮ್ಮ, ಒಂದು ಅಕ್ಷರ ತಪ್ಪಾಗಿ, ಅದು ನಾನು.
ಮೂರನೇ ಸಾಲು ಖಾಲಿ.
ಅಲ್ಲಿ ವಿಳಾಸ ಬೇಕಂತೆ, ರುಜು ಬೇಕಂತೆ.

ಉತ್ತರಕ್ಕೆ ಇನ್ನು ಹತ್ತೊಂಬತ್ತು ದಿನ.
ಎರಡನೇ ಶಿಫ್ಟಿನ ಸೈರನ್ ಆಯಿತು.
ತಟ್ಟೆಯೊಂದನ್ನು ಬೆಳಕಿಗೆ ಹಿಡಿದಿದ್ದೇನೆ,
ಅಂಚಿನಿಂದ ಮೂರನೇ ಸುತ್ತಿನಲ್ಲಿ, ಎಡಕ್ಕೆ,
ಒಂದು ತೂತು ಕುರುಡು.
ಬಾಯಿಂದ ಊದಬಾರದು ಅಂತ ಗೋಡೆಯ ಮೇಲೆ
ಮೂರು ಭಾಷೆಯಲ್ಲಿ ಬರೆದಿದೆ.
ಪಿನ್ನು ತರುತ್ತೇನೆ, ತಾಳಿ.